ಓಡಿದ್ರೆ ನೆನಪೋ ಮರೆವೋ?

ಸಂಪಾದಕರೇ,

ಮಡಿಕೇರೀಲಿ ರಾಜಾಸೀಟ್ ಕಡೆ ಬೆಳಿಗ್ಗೆ ವಾಕಿಂಗ್ ಬರೋರೆಲ್ಲ ವ್ಯಾಯಾಮ ಮಾಡಿದ್ರೆ ಜ್ಞಾಪಕಶಕ್ತಿ ಹೆಚ್ಚುತ್ತೆ ಅಂತಾರೆ, ಸುಳ್ಳೇನಲ್ಲ, 1999ರಲ್ಲೇ ಅಮೆರಿಕದ ಸಾಲ್ಕ್ ಸಂಸ್ಥೆಯವ್ರು ಚಕ್ರದಲ್ಲಿ ಓಡೋ ಇಲಿಗಳ ಮೆದುಳಲ್ಲಿ ನೆನಪು ರೂಪಿಸೋ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಜಾಸ್ತಿ, ಕಲಿಕೇನೂ ಚುರುಕು ಅಂತ ತೋರಿಸಿದ್ರು. ಆದ್ರೆ 2014ರ ಟೊರಾಂಟೊ ಪ್ರಯೋಗ ನೋಡಿ, ಇಲಿಗೆ ಮೊದ್ಲು ಶಾಕ್ ಕೊಟ್ಟು ಒಂದು ಜಾಗದ ಭಯ ಕಲಿಸಿ ಆಮೇಲೆ ವಾರಗಟ್ಟಲೆ ಓಡೋಕೆ ಬಿಟ್ರೆ ಆ ಹಳೇ ನೆನಪೇ ಮಸುಕಾಯ್ತು! ಹೊಸ ಕೋಶಗಳು ನರಕೋಶಗಳ ಹಳೇ ಕನೆಕ್ಷನ್ ಮಧ್ಯೆ ನುಗ್ತವಂತೆ, ನಮ್ಮ ತೋಟದಲ್ಲಿ ಹಳೇ ಕಾಫಿ ಗಿಡದ ನಡುವೆ ಹೊಸ ಸಸಿ ಬೇರು ಬಿಟ್ಟ ಹಾಗೆ. ಹೊಸ ಕೋಶ ತಾನಾಗೇ ಜಾಸ್ತಿ ಹುಟ್ಟೋ ಮರಿ ಇಲಿಗಳಲ್ಲಿ ಅದನ್ನ ತಗ್ಗಿಸಿದ್ರೆ ನೆನಪು ಉಳೀತು.

ಆರೋಗ್ಯ ಪುಟದಲ್ಲಿ ಅರ್ಧ ಕಥೆ ಹಾಕ್ಬೇಡಿ ಸರ್, ಇದು ಇಲಿ ಮೇಲಿನ ಪ್ರಯೋಗ ಅಂತ ಹೆಡ್ಡಿಂಗ್‌ನಲ್ಲೇ ಬರೀರಿ.

– ಓದುಗ, ಮಡಿಕೇರಿ