ಜಾಗತಿಕ ಸರಾಸರಿಯಿಂದ ಜೌಗುನೆಲದ ಗತಿ ತಿಳಿಯದು

ಮಾನ್ಯ ಸಂಪಾದಕರೇ,

ಕರಾವಳಿಯ ಜೌಗುನೆಲಗಳ ಬಗೆಗಿನ ವರದಿಗಳಲ್ಲಿ ‘ಸಮುದ್ರ ಮಟ್ಟ ವರ್ಷಕ್ಕೆ 3.7 ಮಿ.ಮೀ. ಏರುತ್ತಿದೆ’ ಎಂಬ ಸಾಲು ಮತ್ತೆ ಮತ್ತೆ ಕಾಣುತ್ತದೆ. ಅದು 2006ರಿಂದ 2018ರವರೆಗಿನ ಇಡೀ ಜಗತ್ತಿನ ಸರಾಸರಿ. ಒಂದು ಕಾಂಡ್ಲಾವನ (ಮ್ಯಾಂಗ್ರೋವ್) ಉಳಿಯುತ್ತದೋ ಮುಳುಗುತ್ತದೋ ಎನ್ನಲು ಅದು ಸಾಲದು. ಯಾವ ಮಾಪಕ (ದಡದಲ್ಲಿ ಕಡಲ ಮಟ್ಟ ಅಳೆಯುವ ಸಾಧನ), ಯಾವ ವರ್ಷಗಳು, ಎತ್ತರವನ್ನು ಎಲ್ಲಿಂದ ಅಳೆದದ್ದು ಎಂಬ ಮೂರನ್ನೂ ವರದಿಯಲ್ಲಿ ಅಚ್ಚು ಮಾಡಬೇಕೆಂದು ಕೋರುತ್ತೇವೆ. ಈ ದತ್ತಾಂಶ ಉಚಿತವಾಗಿಯೇ ಸಿಗುತ್ತದೆ.

ದೀರ್ಘಕಾಲದ ಏರಿಕೆ ತಿಳಿಯಲು, ಜಗತ್ತಿನ ಮಾಪಕಗಳ ದಾಖಲೆಯನ್ನು 1933ರಿಂದ ಕೂಡಿಡುತ್ತಿರುವ ಲಿವರ್‌ಪೂಲ್‌ನ ಪಿಎಸ್‌ಎಂಎಸ್‌ಎಲ್ ಸಂಸ್ಥೆಯ ತಿಂಗಳ ಸರಾಸರಿಗಳಿವೆ. ಅಲ್ಲಿ ‘ಆರ್‌ಎಲ್‌ಆರ್’ ಸರಣಿಯನ್ನೇ (ಎಲ್ಲ ವರ್ಷಗಳ ಅಳತೆಯನ್ನು ಒಂದೇ ಸೊನ್ನೆಗೆ ಹೊಂದಿಸಿದ್ದು) ಆರಿಸಿ. ‘ಮೆಟ್ರಿಕ್’ ಸರಣಿಯಲ್ಲಿ ಮಾಪಕದ ಸೊನ್ನೆ, ಅಂದರೆ ಎತ್ತರ ಅಳೆಯಲು ಶುರು ಮಾಡುವ ಮಟ್ಟ, ನಡುವೆ ಬದಲಾಗಿದ್ದರೂ ಗೊತ್ತಾಗುವುದಿಲ್ಲ. ಆರ್‌ಎಲ್‌ಆರ್ ಅಂಕಿಗಳು 7000 ಮಿ.ಮೀ. ಆಸುಪಾಸು ಇದ್ದರೆ ಗಾಬರಿ ಬೇಡ, ಋಣಸಂಖ್ಯೆ ಬಾರದಿರಲೆಂದು ಸೊನ್ನೆಯನ್ನು ಅಷ್ಟು ಕೆಳಗಿಟ್ಟಿದ್ದಾರೆ. -99999 ಎಂದರೆ ಆ ತಿಂಗಳ ಅಳತೆ ಇಲ್ಲ. ಅದನ್ನು ತೆಗೆಯದೆ ಸರಾಸರಿ ಹಾಕಿದರೆ ಲೆಕ್ಕವೆಲ್ಲ ಕೆಟ್ಟಂತೆ. ಉಬ್ಬರದ ಏರಿಳಿತಕ್ಕೆ 18.6 ವರ್ಷಗಳ ಒಂದು ಆವರ್ತವಿರುವುದರಿಂದ ಕನಿಷ್ಠ 19 ವರ್ಷಗಳ ದಾಖಲೆ ಬೇಕು.

ಗಿಡಗಳಿಗೆ ಮುಖ್ಯವಾದದ್ದು ನೆಲದ ಮೇಲೆ ನೀರು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು. ಅದಕ್ಕೆ ಗಂಟೆಗೊಂದು ಅಳತೆ ಬೇಕು. ಹವಾಯಿ ವಿಶ್ವವಿದ್ಯಾಲಯದ ಸಮುದ್ರ ಮಟ್ಟ ಕೇಂದ್ರದಲ್ಲಿ ಅದು ಲಭ್ಯ. ಸಮಯ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ, ಸ್ಥಳೀಯ ಸಮಯಕ್ಕೆ ಬದಲಿಸಿಕೊಳ್ಳಬೇಕು. ಉಪಗ್ರಹದ ಅಳತೆ ತೆರೆದ ಕಡಲಿಗೆ ಚೆನ್ನ. ದಡದ ಹತ್ತಿರದ ಹತ್ತಿಪ್ಪತ್ತು ಕಿ.ಮೀ.ಯಲ್ಲಿ ರಾಡಾರ್ ಪ್ರತಿಧ್ವನಿಗೆ ನೆಲ ಬೆರೆತು ನಂಬಿಕೆ ತಗ್ಗುತ್ತದೆ.

ಹೆಚ್ಚಿನ ತಪ್ಪುಗಳು ಸೊನ್ನೆ ಎಲ್ಲಿದೆ ಎಂಬುದನ್ನು ನೋಡದೆ ಆಗುತ್ತವೆ. ಜೌಗುನೆಲ ಇಂದಿನ ಸರಾಸರಿ ಸಮುದ್ರ ಮಟ್ಟದಿಂದ 0.9 ಮೀಟರ್ ಮೇಲಿದೆ, ಮಾಪಕದ ಸರಾಸರಿ ಅದರದೇ ಸೊನ್ನೆಯಿಂದ 1.2 ಮೀಟರ್ ಎಂದಿಟ್ಟುಕೊಳ್ಳಿ. ಆ ನೆಲಕ್ಕೆ ನೀರು ತಾಗಲು ಮಾಪಕ 2.1 ತೋರಿಸಬೇಕು. 0.9 ಎಂದೇ ಹಿಡಿದರೆ ಅರ್ಧ ದಿನಕ್ಕೂ ಹೆಚ್ಚು ಹೊತ್ತು ನೆಲ ನೀರಿನಡಿ ಇದೆಯೆಂಬ ಸುಳ್ಳು ಉತ್ತರ ಬರುತ್ತದೆ. ಜಿಪಿಎಸ್ ನೀಡುವ ಎತ್ತರದ ಸೊನ್ನೆ ಮತ್ತೂ ಬೇರೆ. ಉಪಗ್ರಹದ ಎತ್ತರ ನಕ್ಷೆಗಳೋ ಕಾಂಡ್ಲಾವನದಲ್ಲಿ ಕೆಸರನ್ನಲ್ಲ, ಮರದ ನೆತ್ತಿಯನ್ನು ಅಳೆದಿರುತ್ತವೆ. ಗಟ್ಟಿ ತಳದ ಮೇಲಿನ ಮಾಪಕ ಅಲುಗದಿದ್ದರೂ ಕೆಸರು ತನ್ನ ಭಾರಕ್ಕೇ ಕುಗ್ಗುತ್ತಿರಬಹುದು, ಹೂಳು ಕೂಡಿ ಏರುತ್ತಲೂ ಇರಬಹುದು. ಇದನ್ನು ಸ್ಥಳದಲ್ಲೇ ಅಳೆಯಬೇಕು.

ಮಾಪಕ ದೂರವಿದ್ದರೆ, ಜೌಗುನೆಲಕ್ಕೆ ಉಬ್ಬರದ ನೀರು ತರುವ ಕಡಲಕಾಲುವೆಯಲ್ಲಿ ನೀರಿನ ಒತ್ತಡ ಅಳೆದು ದಾಖಲಿಸುವ ಲಾಗರ್ ಒಂದನ್ನು ಕನಿಷ್ಠ 30 ದಿನ ಇಡಿ. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಉಬ್ಬರ ಎರಡೂ ಅದರಲ್ಲಿ ಸಿಗುತ್ತವೆ. ಗಾಳಿಯ ಒತ್ತಡ ಕಳೆಯಲು ಇನ್ನೊಂದನ್ನು ನೀರಿನ ಮೇಲೆ ಕಟ್ಟಿ, ಒಂದು ಹೆಕ್ಟೋಪಾಸ್ಕಲ್ ಸುಮಾರು ಒಂದು ಸೆಂ.ಮೀ. ನೀರಿಗೆ ಸಮ. ಲಾಗರ್‌ನ ಎತ್ತರವನ್ನು ನೆಲದೊಂದಿಗೆ ಲೆವೆಲಿಂಗ್ (ಎರಡರ ಎತ್ತರದ ವ್ಯತ್ಯಾಸ ಅಳೆಯುವುದು) ಮಾಡಿಕೊಳ್ಳಿ. ಆಮೇಲೆ ಅದೇ ದಿನಗಳ ಮಾಪಕದ ದಾಖಲೆಯ ಜೊತೆಗಿಟ್ಟು ನೋಡಿದರೆ, ಕಾಲುವೆಯೊಳಗೆ ಉಬ್ಬರ ಎಷ್ಟು ತಡವಾಗಿ, ಎಷ್ಟು ತಗ್ಗಿ ಬರುತ್ತದೆ ಎಂಬುದು ಕೈಗೆ ಸಿಗುತ್ತದೆ.

– ಕರಾವಳಿ ಜೌಗುನೆಲಗಳ ಅಧ್ಯಯನದಲ್ಲಿರುವ ಓದುಗರು