ಉಣುಗಿನ ಲೆಕ್ಕವೂ ಜಲಾಶಯದ ಮಟ್ಟದ ಪಕ್ಕದಲ್ಲಿ ಬರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿದರೆ ಸಾಕು, ಲಿಂಗನಮಕ್ಕಿ, ಭದ್ರಾ, ತುಂಗಾ ಜಲಾಶಯಗಳ ಮಟ್ಟ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಅಡಿಕೆ ಧಾರಣೆ ವರ್ಷವಿಡೀ ಬರುತ್ತದೆ. ಮಂಗನ ಕಾಯಿಲೆ ಮಾತ್ರ ಯಾರಾದರೂ ತೀರಿಕೊಂಡ ಮೇಲೆ ಸುದ್ದಿಯಾಗುತ್ತದೆ, ಅದೂ ಹೆಚ್ಚಾಗಿ ಜನವರಿ, ಫೆಬ್ರವರಿಯಲ್ಲಿ. ಅಷ್ಟರಲ್ಲಿ ತಡೆಯುವ ಕೆಲಸಕ್ಕಿದ್ದ ಹೊತ್ತಿನಲ್ಲಿ ಬಹುಪಾಲು ಕಳೆದುಹೋಗಿರುತ್ತದೆ. ಈ ಕಾಯಿಲೆಗೆ ತನ್ನದೇ ಪಂಚಾಂಗವಿದೆ. ಅದನ್ನು ವಿಜ್ಞಾನಿಗಳು ಆರು ದಶಕಗಳ ಹಿಂದೆಯೇ ಬಿಡಿಸಿಟ್ಟಿದ್ದಾರೆ. ನಾವು ಮಾತ್ರ ಇನ್ನೂ ಸಾವಿನ ಸುದ್ದಿಯಿಂದಲೇ ವರ್ಷ ಎಣಿಸುತ್ತಿದ್ದೇವೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಲುಸಾಲಾಗಿ ಸತ್ತು, ಜನರಿಗೂ ಜ್ವರ ಬಂದಾಗ ಮೊದಲು ಹಳದಿ ಜ್ವರದ ಗುಮಾನಿಯಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಅದು ಉಣುಗಿನಿಂದ, ಅಂದರೆ ಪ್ರಾಣಿಗಳ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಯಿಂದ, ಬರುವ ಹೊಸ ವೈರಸ್ ಎಂದು ತಿಳಿಯಿತು. ಮುಖ್ಯ ವಾಹಕದ ಹೆಸರು ಹೀಮಾಫಿಸಾಲಿಸ್ ಸ್ಪೈನಿಜೆರಾ. ಇದರ ಬದುಕು ಮೂರು ಹಂತದ್ದು, ಹಂತಕ್ಕೊಂದು ಪ್ರಾಣಿಯ ರಕ್ತ ಬೇಕು. ಇಡೀ ಕಾಯಿಲೆಯ ಋತುಮಾನ ನಿಂತಿರುವುದು ಇದರ ಮೇಲೆಯೇ.

ಮೃಗಶಿರ, ಆರಿದ್ರಾ ಮಳೆಯ ಹೊತ್ತಿಗೆ ದೊಡ್ಡ ಉಣುಗುಗಳು ಏಳುತ್ತವೆ. ಅವು ಹುಡುಕುವುದು ದನ, ಎಮ್ಮೆ, ಜಿಂಕೆಯಂಥ ದೊಡ್ಡ ಮೈಗಳನ್ನು. ಹೆಣ್ಣು ಉಣುಗು ರಕ್ತ ಕುಡಿದು ಉಬ್ಬಿ, ಕೆಳಗುದುರಿ, ದರಕಿನಡಿ (ನೆಲಕ್ಕುದುರಿದ ಒಣ ಎಲೆಗಳಡಿ) ರಾಶಿ ಮೊಟ್ಟೆ ಇಟ್ಟು ಸಾಯುತ್ತದೆ. ಚಿತ್ತೆ, ಸ್ವಾತಿ ಮಳೆ ಮುಗಿಯುವ ವೇಳೆಗೆ ಆರು ಕಾಲಿನ ಮರಿಗಳು ಹೊರಬಂದು ಇಲಿ, ಮೂಗಿಲಿ, ನೆಲದ ಹಕ್ಕಿ, ಮಂಗಗಳಿಗೆ ಹತ್ತುತ್ತವೆ. ಆ ಪ್ರಾಣಿಯ ರಕ್ತದಲ್ಲಿ ವೈರಸ್ ಇದ್ದರೆ ಮರಿಗೂ ಅಂಟುತ್ತದೆ, ಪೊರೆ ಕಳಚಿ ಮುಂದಿನ ಹಂತಕ್ಕೆ ಹೋದರೂ ಅದರ ಒಡಲಲ್ಲೇ ಉಳಿಯುತ್ತದೆ. ಹಾಗೆ ಬೆಳೆದ ಎಂಟು ಕಾಲಿನ ಮರಿ, ಪುಸ್ತಕದ ಭಾಷೆಯಲ್ಲಿ ನಿಂಫ್, ನವೆಂಬರಿನಿಂದ ಮೇವರೆಗೆ ಕಾಡಿನ ನೆಲದ ಮೇಲೆ ಕಾದಿರುತ್ತದೆ. ಅದರ ಕಾಟ ಜನವರಿಯಿಂದ ಮಾರ್ಚ್‌ವರೆಗೆ ತೀರಾ ಹೆಚ್ಚು. ಮನುಷ್ಯರಿಗೆ ಕಾಯಿಲೆ ದಾಟಿಸುವುದು ಮುಖ್ಯವಾಗಿ ಇದೇ. ಎಳ್ಳಿಗಿಂತ ಸಣ್ಣದು, ಗಸಗಸೆಗಿಂತ ತುಸು ದೊಡ್ಡದು. ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ಅಡಿಕೆ ಕೊಯ್ಲು, ದರಕು ಗುಡಿಸುವುದು, ಮಳೆಗಾಲಕ್ಕೆ ಸೌದೆ ಕೂಡಿಡುವುದು ಎಲ್ಲವೂ ಇದೇ ತಿಂಗಳುಗಳಲ್ಲಿ ನಡೆಯುತ್ತವೆ. ಉಣುಗಿನ ವರ್ಷ, ಮಲೆನಾಡಿನ ದುಡಿಮೆಯ ವರ್ಷ ಎರಡೂ ಒಂದರ ಮೇಲೊಂದು ಕೂತಿವೆ.

ಹಾಗಾಗಿ ಕೆಲಸ ಶುರುವಾಗಬೇಕಾದ್ದು ಜೂನ್‌ನಲ್ಲಿ, ಕೊಟ್ಟಿಗೆಯಿಂದ. ದನದ ಮೈಯಲ್ಲಿ ವೈರಸ್ ಇನ್ನೊಂದು ಉಣುಗಿಗೆ ದಾಟುವಷ್ಟು ಬೆಳೆಯುವುದಿಲ್ಲ, ಆದರೆ ಉಣುಗಿನ ಸಂತತಿ ಹೆಚ್ಚುವುದು ದನದ ರಕ್ತದಿಂದ. ಕ್ಯಾಸನೂರಿನ ಕಾಯಿಲೆಯನ್ನು ಅಭ್ಯಾಸ ಮಾಡಿದ ಹೋರ್ಹೆ ಬೋಶೆಲ್ ಕಾಡು ಕಡಿದು ದನ ಮೇಯಿಸುವುದು ಹೆಚ್ಚಿದ್ದಕ್ಕೂ ಕಾಯಿಲೆ ಉಲ್ಬಣಿಸಿದ್ದಕ್ಕೂ ನಂಟಿದೆ ಎಂದು 1960ರ ದಶಕದಲ್ಲೇ ಬರೆದಿದ್ದರು. ಮಳೆಗಾಲದಲ್ಲಿ ಒಂದು ಹೆಣ್ಣು ಉಣುಗು ದನದ ರಕ್ತ ಕುಡಿಯುವುದು ತಪ್ಪಿದರೆ, ಬೇಸಿಗೆಯಲ್ಲಿ ಅದರ ಮರಿಗಳ ದಂಡೇ ತಪ್ಪಿದ ಹಾಗೆ.

ಇಲ್ಲಿ ಎಡವುವುದು ಎಲ್ಲಿ ಎಂದರೆ, ನೀರಿನಲ್ಲಿ ಕಲಸಿದ ಔಷಧವನ್ನು ಬೆನ್ನಿಗೆ ಸಿಂಪಡಿಸಿ ದನವನ್ನು ಮಳೆಗೆ ಬಿಡುತ್ತೇವೆ. ಅರ್ಧ ದಿನದಲ್ಲಿ ಅದು ತೊಳೆದುಹೋಗುತ್ತದೆ. ಬೆನ್ನೆಲುಬಿನುದ್ದಕ್ಕೆ ಸುರಿಯುವ ಎಣ್ಣೆಯಂಥ ಔಷಧ ಮಳೆಗಾಲಕ್ಕೆ ಮೇಲು. ಸಿಂಪಡಿಸುವುದೇ ಆದರೆ ಹೊಳವಾದ ದಿನ ನೋಡಿ, ಕಿವಿಯ ಒಳಗು, ಕೆಚ್ಚಲ ಸುತ್ತ, ಬಾಲದಡಿ, ತೊಡೆಸಂದಿಗೆ ತಾಗುವಂತೆ ಹೊಡೆದು, ಮೈ ಒಣಗುವ ತನಕ ಕೊಟ್ಟಿಗೆಯಲ್ಲೇ ಕಟ್ಟಬೇಕು. ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ಪಶುವೈದ್ಯರನ್ನು ಕೇಳದೆ ಕೊಡಿಸಬಾರದು. ಅದರ ಅಂಶ ಹಾಲಿಗೆ ಇಳಿಯುತ್ತದೆ.

ಲಸಿಕೆಯ ವಿಷಯ ಹೇಳಲೇಬೇಕು. ಮೊದಲೆರಡು ಡೋಸ್ ತಿಂಗಳ ಅಂತರದಲ್ಲಿ, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು: ಇದು ಹಳೆಯ ಲಸಿಕೆಯ ಕ್ರಮ. 2005ರಿಂದ 2010ರವರೆಗಿನ ದಾಖಲೆಗಳ ವಿಶ್ಲೇಷಣೆಯಲ್ಲಿ ಎರಡು ಡೋಸ್ ಪಡೆದವರಿಗೆ ಶೇ 62ರಷ್ಟು, ಬೂಸ್ಟರನ್ನೂ ಪಡೆದವರಿಗೆ ಶೇ 83ರಷ್ಟು ರಕ್ಷಣೆ ಕಂಡಿತ್ತು. ಆದರೆ ಊರಿನಲ್ಲಿ ಸಾವಾದ ಮೇಲೆ ಜನವರಿಯಲ್ಲಿ ಮೊದಲ ಡೋಸ್ ಕೊಟ್ಟರೆ ಎರಡನೆಯದು ಫೆಬ್ರವರಿಗೆ, ಮೈಯಲ್ಲಿ ಶಕ್ತಿ ಬರುವುದು ಉಣುಗಿನ ಕಾಲ ಅರ್ಧ ಕಳೆದ ಮೇಲೆ. ಸತ್ವ ಸಾಲದೆಂದು 2022ರ ಹೊತ್ತಿಗೆ ಆ ಲಸಿಕೆಯೂ ನಿಂತಿತು. ಹೊಸ ಲಸಿಕೆ ಬಂದಾಗಲಾದರೂ ಡೋಸ್‌ಗಳ ಲೆಕ್ಕವನ್ನು ನವೆಂಬರಿನಿಂದ ಹಿಂದಕ್ಕೆ ಎಣಿಸಿ ಶುರುಮಾಡಬೇಕು.

ಅಕ್ಟೋಬರ್ ಸುಮಾರಿನ ಭೂಮಿ ಹುಣ್ಣಿಮೆಯ ಹೊತ್ತಿಗೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆ ಮನೆಮನೆಗೆ ಮುಟ್ಟಿರಬೇಕು. ಕೈಕಾಲು, ಕತ್ತು, ಸೊಂಟದ ಸುತ್ತ ಹಚ್ಚಿ, ತಿಳಿಬಣ್ಣದ ಉದ್ದ ತೋಳಿನ ಬಟ್ಟೆ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ ಕಾಡಿಗೆ ಹೋಗಬೇಕು. ಬೆವರಿ ಎಣ್ಣೆ ಹೋದರೆ ಮತ್ತೆ ಹಚ್ಚಬೇಕು. ದರಕಿನ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುವ ಹತ್ತು ನಿಮಿಷವೇ ಬಹಳ ಅಪಾಯದ ಹೊತ್ತು. ಮನೆಗೆ ಬಂದೊಡನೆ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪು ಮತ್ತು ಬಿಸಿನೀರು. ಕಂಕುಳು, ತೊಡೆಸಂದಿ, ಮೊಣಕಾಲ ಹಿಂಬದಿ, ಕಿವಿಯ ಹಿಂದೆ ಇನ್ನೊಬ್ಬರ ಕಣ್ಣಿನಿಂದ ನೋಡಿಸಬೇಕು. ಕಚ್ಚಿಕೊಂಡ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಬೀಡಿಯಿಂದ ಸುಡುವುದು, ಉಗುರಿನಲ್ಲಿ ಕುಕ್ಕಿ ಒಡೆಯುವುದು ಬೇಡವೇ ಬೇಡ. ಅದರ ಒಡಲಿನ ರಸ ಗಾಯಕ್ಕೆ ಸೇರುತ್ತದೆ.

ಕೆಂಪು ಮಂಗವಾಗಲಿ ಮುಸಿಯವಾಗಲಿ ಸತ್ತದ್ದು ಕಂಡರೆ ಗಂಟೆಗಳ ಲೆಕ್ಕ. ಮೈ ತಣ್ಣಗಾದಂತೆ ಉಣುಗುಗಳು ಇಳಿದು ಸುತ್ತಲ ದರಕಿಗೆ ಹರಡುತ್ತವೆ. ಮುಟ್ಟದೆ ಪಂಚಾಯತಿಗೋ ಅರಣ್ಯ ಇಲಾಖೆಗೋ ಅಂದೇ ತಿಳಿಸಿದರೆ ಮಾದರಿ ತೆಗೆದು, ಹೆಣ ಸುಟ್ಟು, ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹೊಡೆಯಬಹುದು. ಕೊಳೆತ ಹೆಣದಿಂದ ಪರೀಕ್ಷೆಗೆ ಪ್ರಯೋಜನ ಕಡಿಮೆ, ಆದರೂ ಆ ಜಾಗಕ್ಕೆ ಪುಡಿ ಹೊಡೆಯುವುದನ್ನು ಬಿಡಬಾರದು.

ಕಚ್ಚಿದ 3ರಿಂದ 8 ದಿನಕ್ಕೆ ಇದ್ದಕ್ಕಿದ್ದಂತೆ ಜ್ವರ, ಸಿಡಿಯುವ ತಲೆನೋವು, ಸೊಂಟ ಮತ್ತು ಮೀನಖಂಡದ ವಿಪರೀತ ನೋವು, ವಾಂತಿ, ಕೆಂಗಣ್ಣು. ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಕಾಯಿಲೆ ಹಿಡಿಯುತ್ತದೆ, ಐದಾರು ದಿನ ಕಳೆದ ಮೇಲೆ ರಕ್ತದ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ. ತಡವಾಗಿ ಬಂದವರ ಪಿಸಿಆರ್ ನೆಗೆಟಿವ್ ಎಂದು ಮನೆಗೆ ಕಳಿಸುವುದು ತಪ್ಪು. ಈ ಕಾಯಿಲೆಯಲ್ಲಿ ರಕ್ತಸ್ರಾವದ ಅಪಾಯ ಇರುವುದರಿಂದ ಮೈಕೈ ನೋವಿಗೆಂದು ಡೈಕ್ಲೋಫೆನಾಕ್, ಆಸ್ಪಿರಿನ್, ಐಬುಪ್ರೊಫೆನ್ ಬೇಡ. ನೋವಿಗೆ ಪ್ಯಾರಾಸಿಟಮಾಲ್, ಜೊತೆಗೆ ಸಾಕಷ್ಟು ದ್ರವಾಹಾರ ಇರಲಿ. ಜ್ವರ ಬಿಟ್ಟಿತೆಂದು ನಿಶ್ಚಿಂತರಾಗುವಂತಿಲ್ಲ. ಕೆಲವರಿಗೆ ಒಂದೆರಡು ವಾರದ ಬಿಡುವಿನ ನಂತರ ಜ್ವರ ಮರುಕಳಿಸಿ ಕತ್ತು ಬಿಗಿತ, ನಡುಕ, ಮಂಪರು ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ, ರೋಗಿಯನ್ನು ದೂರ ಇಡುವ ಕಾರಣವಿಲ್ಲ.

ಹೇಳಿದ ತಿಂಗಳುಗಳನ್ನು ಕ್ಯಾಲೆಂಡರಿಗೆ ಅಂಟಿಸಿಡುವ ಹಾಗೂ ಇಲ್ಲ. ಉಣುಗು ನೋಡುವುದು ತಾರೀಖನ್ನಲ್ಲ, ಮಳೆ ಮತ್ತು ನೆಲದ ತೇವವನ್ನು. ಮುಂಗಾರು ತಡವಾದರೆ, ಹಿಂಗಾರು ಎಳೆದರೆ ಅದರ ವರ್ಷವೂ ಜರುಗುತ್ತದೆ. ಜಾಗವೂ ಅಷ್ಟೆ: 2012ರಲ್ಲಿ ಬಂಡೀಪುರ, ಆಮೇಲೆ ವಯನಾಡು, ಗೋವಾದ ಸತ್ತರಿ, ಸಿಂಧುದುರ್ಗ, 2019ರಲ್ಲಿ ಸಾಗರದ ಅರಳಗೋಡು. ಅದಕ್ಕೇ ಪ್ರತಿ ಊರಿನ ನೆಲದ ಲೆಕ್ಕ ಬೇಕು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ, ಇಬ್ಬನಿ ಆರಿದ ಮೇಲೆ ದರಕಿನ ಮೇಲೆ ನಿಧಾನ ಎಳೆದು, ಹತ್ತಿದ ಉಣುಗನ್ನು ಎಣಿಸಿ ಪ್ರಯೋಗಾಲಯಕ್ಕೆ ಕಳಿಸುವುದು. ಒದ್ದೆ ಬಟ್ಟೆಗೆ ಉಣುಗು ಸರಿಯಾಗಿ ಹತ್ತದೆ ಲೆಕ್ಕ ಸುಳ್ಳಾಗುತ್ತದೆ, ಹಾಗಾಗಿ ಹೊತ್ತು ಮುಖ್ಯ. ಇಂಥ ಎಣಿಕೆ ಮಾಡಿದವರ ಅಂಕಿ ಕಡತ ಬಿಟ್ಟು ಓದುಗರವರೆಗೆ ಬರುವುದಿಲ್ಲ.

ನಮ್ಮ ಕೋರಿಕೆ ಇಷ್ಟೇ. ಭೂಮಿ ಹುಣ್ಣಿಮೆಯ ವಾರದಿಂದ ವಾರಕ್ಕೊಮ್ಮೆ ಮೂರು ಅಂಕಿ ಅಚ್ಚಾಗಲಿ: ಒಬ್ಬರು ಒಂದು ಗಂಟೆ ಬಟ್ಟೆ ಎಳೆದಾಗ ಸಿಕ್ಕ ಮರಿ ಉಣುಗು ಎಷ್ಟು, ಯಾವ ಪಂಚಾಯತಿಯ ಉಣುಗಿನಲ್ಲಿ ವೈರಸ್ ಕಂಡಿತು, ಆ ವಾರ ಸತ್ತ ಮಂಗಗಳೆಷ್ಟು. ಆರೋಗ್ಯ ಇಲಾಖೆಯಿಂದ ಕೇಳಿ ಪಡೆಯುವುದು ಪತ್ರಿಕೆಗೆ ಕಷ್ಟವಲ್ಲ. ಮುಂಗಾರು ಹಿಡಿದು ಎರಡು ವಾರ ಮರಿಗಳ ಲೆಕ್ಕ ಸೊನ್ನೆಯಲ್ಲೇ ನಿಂತ ಮೇಲೆ ಆ ಜಾಗವನ್ನು ಮತ್ತೆ ಜಲಾಶಯದ ಮಟ್ಟಕ್ಕೆ ಬಿಟ್ಟುಕೊಡಬಹುದು.

— ಮಲೆನಾಡಿನ ಓದುಗರು