ಚೆಂಡಿನ ಮೇಲೆ ಯಾರ ಕೈ?

ಹಾಸನ

ಚಿ. ಸಿಂಚನಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಮೂಡಿಗೆರೆಯಲ್ಲಿ ಮಳೆ ಜೋರಂತೆ, ನೆನೆದುಕೊಂಡು ಸ್ಕೂಲಿಗೆ ಹೋಗಬೇಡ.

ನಿಮ್ಮಪ್ಪ ವಾಟ್ಸಾಪಿನಲ್ಲಿ ಕಳಿಸಿದ ನಿನ್ನ ವಿಜ್ಞಾನದ ಉತ್ತರಪತ್ರಿಕೆ ನೋಡಿದೆ. ಅಂಕದ ವಿಷಯಕ್ಕೆ ಅವನು ಬೈದದ್ದೇ ಸಾಕು, ನಾನು ಬೇರೆ ಸೇರಿಸುವುದಿಲ್ಲ. ನ್ಯೂಟನ್ನನ ಮೂರೂ ನಿಯಮಗಳನ್ನು ಅಕ್ಷರ ತಪ್ಪದೆ ಬರೆದು ಪೂರ್ತಿ ಅಂಕ ತೆಗೆದಿದ್ದೀಯ. ಆದರೆ ಅದರ ಕೆಳಗಿನ ಪ್ರಶ್ನೆಯಲ್ಲೇ ಆ ಮೂರನ್ನೂ ಮರೆತುಬಿಟ್ಟಿದ್ದೀಯ. ಮೇಲಕ್ಕೆ ಎಸೆದ ಚೆಂಡಿನಲ್ಲಿ ಕೈ ಕೊಟ್ಟ ಬಲ ಇರುತ್ತದೆ, ಅದು ಖರ್ಚಾದಾಗ ಚೆಂಡು ನಿಲ್ಲುತ್ತದೆ, ತುದಿಯಲ್ಲಿ ಬಲ ಸೊನ್ನೆ ಅಂತ ಬರೆದಿದ್ದೀಯಲ್ಲ, ಅದಕ್ಕೇ ಈ ಕಾಗದ.

ನಾಚಿಕೆಪಡಬೇಡ. ಗೆಲಿಲಿಯೋಗಿಂತ ಮುಂಚಿನ ಘನ ಪಂಡಿತರೇ ಶತಮಾನಗಟ್ಟಲೆ ಹೆಚ್ಚುಕಮ್ಮಿ ಹೀಗೆ ನಂಬಿದ್ದರು. ಎಳೆಯುವುದು ಬಿಟ್ಟರೆ ಗಾಡಿ ನಿಲ್ಲುತ್ತದೆ, ಹಾಗಾಗಿ ಚಲಿಸಬೇಕಾದರೆ ಬಲ ಇರಲೇಬೇಕು ಅನ್ನುವುದು ಅವರ ವಾದ. ಗಾಡಿ ನಿಲ್ಲುವುದು ಬಲ ಮುಗಿದುಹೋಗಿ ಅಲ್ಲ, ಘರ್ಷಣೆ ಅನ್ನುವ ಇನ್ನೊಂದು ಬಲ ಅದನ್ನು ಹಿಡಿದು ನಿಲ್ಲಿಸುತ್ತದೆ. 1687ರಲ್ಲಿ ನ್ಯೂಟನ್ ಅಚ್ಚು ಹಾಕಿಸಿದ ನಿಯಮಗಳ ಜೀವಾಳವೇ ಇದು: ಬಲ ಬೇಕಾಗುವುದು ವೇಗವೋ ಅದರ ದಿಕ್ಕೋ ಬದಲಾಗುವುದಕ್ಕೆ, ಇರುವ ವೇಗ ಉಳಿಯುವುದಕ್ಕಲ್ಲ.

ಈಗ ಚೆಂಡಿಗೆ ಬಾ. ಅದು ಕೈ ಬಿಟ್ಟ ಗಳಿಗೆಯಿಂದ ಕೈಗೂ ಅದಕ್ಕೂ ಸಂಬಂಧವಿಲ್ಲ. ಗಾಳಿಯ ತಡೆ ಸ್ವಲ್ಪ, ಅದನ್ನು ಬಿಡು. ಏರುವಾಗ, ತುದಿಯಲ್ಲಿ, ಇಳಿಯುವಾಗ, ಮೂರು ಹೊತ್ತೂ ಇರುವುದು ಒಂದೇ ಬಲ: ಭೂಮಿಯ ಸೆಳೆತ, ಕೆಳಮುಖವಾಗಿ. ತುದಿಯಲ್ಲಿ ಸೊನ್ನೆಯಾಗುವುದು ವೇಗ. ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಅಲ್ಲೂ 9.8 ಮೀ/ಸೆ² ಇದ್ದೇ ಇರುತ್ತದೆ. ಅಲ್ಲಿ ಬಲವೂ ಸೊನ್ನೆಯಾಗಿದ್ದರೆ ಚೆಂಡು ನಿಮ್ಮ ಹೆಂಚಿನ ಮೇಲೆ ಹಾಗೇ ನೇತಾಡುತ್ತಿರಬೇಕಿತ್ತು!

ಇನ್ನು ಮುಂದೆ ಲೆಕ್ಕ ಕೈಗೆತ್ತಿಕೊಂಡ ಕೂಡಲೇ ಸೂತ್ರ ಹುಡುಕಬೇಡ. ಒಂದು ವಸ್ತುವನ್ನು ಆರಿಸಿಕೊ, ಅದೊಂದನ್ನೇ ಚೌಕ ಮಾಡಿ ಬರೆ. ಅದನ್ನು ಈಗ, ಈ ಕ್ಷಣದಲ್ಲಿ, ಏನೇನು ಮುಟ್ಟಿಕೊಂಡಿದೆ ಕೇಳಿಕೊ. ಮುಟ್ಟಿದ ಒಂದೊಂದಕ್ಕೂ ಬಾಣ ಹಾಕು, ಮುಟ್ಟದೆಯೇ ಎಳೆಯುವ ಭೂಮಿಗೆ ಒಂದು ಬಾಣ ಹಾಕು. ನಿನ್ನ ಪಾಠದ ಲೆಕ್ಕಗಳಿಗೆ ಇಷ್ಟು ಸಾಕು. ಸರ್ವಿಸಿನಲ್ಲಿದ್ದಷ್ಟು ದಿನ ಮಕ್ಕಳಿಗೆ ನಾನು ಹೇಳುತ್ತಿದ್ದದ್ದೂ ಇದನ್ನೇ. ಕೇಳಿದವರು ಕಮ್ಮಿ, ಅದು ಬೇರೆ ಮಾತು.

ಕಳೆದ ಸಲ ಬಂದಾಗ ಸಾಲಗಾಮೆ ರಸ್ತೆಯಲ್ಲಿ ಇಸ್ರೋದವರ ದೊಡ್ಡ ಡಿಶ್‌ಗಳನ್ನು ನೋಡಿ ಕೇಳಿದ್ದೆಯಲ್ಲ, ಅವು ಏನು ಮಾಡುತ್ತವೆ ಅಂತ. ಭೂಮಿಯ ಜೊತೆಗೇ ಸುತ್ತುತ್ತಾ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳನ್ನು 1982ರಿಂದ ನೋಡಿಕೊಳ್ಳುವುದು ಆ ಕೇಂದ್ರದ ಕೆಲಸ. ಆ ಉಪಗ್ರಹಗಳು ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಸೆಕೆಂಡಿಗೆ ಸುಮಾರು 3 ಕಿ.ಮೀ. ಓಟ. ಹಿಂದಿನಿಂದ ತಳ್ಳುವವರು ಯಾರೂ ಇಲ್ಲ, ಎಂಜಿನ್ ಆಫ್. ಅಷ್ಟು ದೂರದಲ್ಲಿ ಭೂಮಿಯ ಸೆಳೆತ ನೆಲದ ಮೇಲಿನದರ ನಲವತ್ತರಲ್ಲಿ ಒಂದು ಪಾಲಿನಷ್ಟೂ ಉಳಿಯುವುದಿಲ್ಲ. ಆದರೂ ಉಪಗ್ರಹದ ನೇರ ಓಟವನ್ನು ಸದಾ ಬಾಗಿಸಿ ಸುತ್ತು ಹಾಕಿಸಲು ಅದೇ ಸಾಕು. ಹಾಗಾದರೆ ಉಪಗ್ರಹಕ್ಕೆ ಇಂಧನ ಯಾಕೆ ತುಂಬುತ್ತಾರೆ? ಸೂರ್ಯ ಚಂದ್ರರ ಸೆಳೆತದಂಥವು ಅದನ್ನು ಜಾಗದಿಂದ ಅಷ್ಟಿಷ್ಟು ಸರಿಸುತ್ತಿರುತ್ತವೆ. ಆಗಾಗ ಪುಟ್ಟ ಎಂಜಿನ್ ಉರಿಸಿ ಅದನ್ನು ಸರಿಪಡಿಸಬೇಕು. ಮಿಕ್ಕ ಯಂತ್ರವೆಲ್ಲ ಗಟ್ಟಿಮುಟ್ಟಾಗಿದ್ದರೂ ಈ ಇಂಧನ ಮುಗಿಯಿತೆಂದರೆ ಅದರ ಸೇವೆ ಮುಗಿದಂತೆ.

ಚಾರ್ಮಾಡಿಯ ತಿರುವಿನಲ್ಲೂ ಇದೇ ಕತೆ. ಬಸ್ಸು ಎಡಕ್ಕೆ ತಿರುಗಿದಾಗ ಯಾರೋ ನಿನ್ನನ್ನು ಬಲಕ್ಕೆ ನೂಕಿದಂತಾಗುತ್ತದೆ. ಆದರೆ ರಸ್ತೆ ಬದಿ ನಿಂತು ನೋಡುವವನ ಲೆಕ್ಕದಲ್ಲಿ ಯಾರೂ ನೂಕಿಲ್ಲ. ನೀನು ನೇರ ಹೋಗುತ್ತಿದ್ದೆ, ಬಸ್ಸು ತಿರುಗಿತು. ಪಕ್ಕದ ಕಂಬಿ ನಿನ್ನನ್ನು ಎಡಕ್ಕೆ ಒತ್ತಿ ಜೊತೆಗೆ ಕರೆದುಕೊಂಡು ಹೋಯಿತು. ಬಸ್ಸನ್ನು ಒಳಕ್ಕೆ ತಿರುಗಿಸುವುದು ಯಾವುದು? ಟೈರಿಗೂ ರಸ್ತೆಗೂ ನಡುವಿನ ಘರ್ಷಣೆ. ಅದೇ ತಿರುವಿನಲ್ಲಿ ವೇಗ ಎರಡರಷ್ಟಾದರೆ ಬೇಕಾಗುವ ಬಲ ನಾಲ್ಕರಷ್ಟು, ಮಳೆಯಲ್ಲಿ ಸಿಗುವ ಘರ್ಷಣೆಯೋ ಕಮ್ಮಿ. ಬ್ರೇಕಿನದೂ ಅಷ್ಟೆ. ಬ್ರೇಕ್ ಹಾಕಿದಾಗ ಒಂದೊಂದು ಸೆಕೆಂಡಿನಲ್ಲೂ ವೇಗ 5 ಮೀ/ಸೆ ಇಳಿಯುತ್ತದೆ ಎಂದಿಟ್ಟುಕೊ. ಗಂಟೆಗೆ 36 ಕಿ.ಮೀ. ಓಟದ ಬೈಕು 10 ಮೀಟರಿನಲ್ಲಿ ನಿಂತರೆ, 72ರದ್ದು ನಿಲ್ಲಲು 40 ಮೀಟರ್ ಬೇಕು. ನಿಮ್ಮಪ್ಪನಿಗೂ ಇದನ್ನು ಓದಿ ಹೇಳು.

ಗಂಟೆಯ ಕಿ.ಮೀ.ಗಳನ್ನು ಸೆಕೆಂಡಿನ ಮೀಟರಿಗೆ ತರುವಾಗ 5ರಿಂದ ಗುಣಿಸಿ 18ರಿಂದ ಭಾಗಿಸು. ನೀನು ಎರಡು ಕಡೆ ಉಲ್ಟಾ ಮಾಡಿದ್ದೀಯ.

ಪ್ರತಿ ಕ್ರಿಯೆಗೂ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ ಅನ್ನುವ ಮೂರನೇ ನಿಯಮದಲ್ಲಿ ಗೈಡು ನಂಬಬೇಡ. ನಿಮ್ಮ ಕಣದಲ್ಲಿ 50 ಕೆ.ಜಿ.ಯ ಕಾಫಿ ಮೂಟೆ ಇದೆ. ಭೂಮಿ ಅದನ್ನು 490 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ, ನೆಲ ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತದೆ. ಇವೆರಡನ್ನೇ ಕ್ರಿಯೆ, ಪ್ರತಿಕ್ರಿಯೆ ಅಂತ ಬರೆದವರಿದ್ದಾರೆ. ಅಲ್ಲ. ಎರಡೂ ಮೂಟೆಯ ಮೇಲಿನವೇ. ಜೋಡಿಯ ಬಲಗಳು ಯಾವತ್ತೂ ಬೇರೆ ಬೇರೆ ವಸ್ತುಗಳ ಮೇಲೆ ಇರುತ್ತವೆ. ಭೂಮಿ ಮೂಟೆಯನ್ನು ಎಳೆದರೆ ಅದಕ್ಕೆ ಜೋಡಿ ಮೂಟೆ ಭೂಮಿಯನ್ನು ಎಳೆಯುವುದು. ನೆಲ ಮೂಟೆಯನ್ನು ಒತ್ತಿದರೆ, ಮೂಟೆ ನೆಲವನ್ನು ಒತ್ತುವುದು.

ಒಂದು ಲೆಕ್ಕ ಕೊಡುತ್ತೇನೆ. ಮೂಟೆ ತುಂಬಿದ ಜೀಪು ನೇರವಾದ ಇಳಿಜಾರಿನಲ್ಲಿ ಸೆಕೆಂಡ್ ಗೇರಿನಲ್ಲಿ ಇಳಿಯುತ್ತಿದೆ. ಸ್ಪೀಡೋಮೀಟರಿನ ಮುಳ್ಳು 20ರಿಂದ ಅಲ್ಲಾಡುತ್ತಿಲ್ಲ. ಜೀಪಿನ ಮೇಲಿನ ಒಟ್ಟು ಬಲ ಎಷ್ಟು? ಬಾಣ ಹಾಕಿದ ಚಿತ್ರದ ಸಮೇತ ಭಾನುವಾರದೊಳಗೆ ಕಳಿಸು. ಬರೀ ಉತ್ತರ ಬರೆದರೆ ನೋಡುವುದಿಲ್ಲ.

ಇತಿ,
ನಿನ್ನ ದೊಡ್ಡಪ್ಪ